ಹರಕೆಯ ಕೂಸು: ಶಿಶುನಾಳ ಶರೀಫಸಾಹೇಬರ ಚರಿತ್ರೆಯೂ ನಮ್ಮ ಮನೆಗಳ ಸಂತಾನಚಿಂತೆಯೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಸೀಮೆಯು ಕನ್ನಡ ನಾಡಿಗೆ ಕೊಟ್ಟ ಮಹನೀಯರನ್ನು ಎಣಿಸುವಾಗ ಒಂದು ಸಂಗತಿಯು ವಿಚಾರವಂತರ ಮನಸ್ಸನ್ನು ತಡೆದು ನಿಲ್ಲಿಸದೆ ಇರದು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು, ಬೀರೇಗೌಡ ಬಚ್ಚಮ್ಮ ದಂಪತಿಗಳು ಬಹುಕಾಲ ಮಕ್ಕಳಿಲ್ಲದೆ ಕೊರಗಿ, ತಿರುಪತಿಯ ತಿಮ್ಮಪ್ಪನಿಗೆ ಹರಕೆ ಹೊತ್ತು ಪಡೆದ ಮಗನೆಂದು ಐತಿಹ್ಯವಿದೆ. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಹೆಸರಿನೊಡನೆ ಬೆಳೆದುಬಂದ ಸರ್ವಜ್ಞನ ಕಥೆಯೂ ಮಕ್ಕಳಿಲ್ಲದ ಬಸವರಸನ ಕಾಶೀಯಾತ್ರೆಯಿಂದಲೇ ಮೊದಲಾಗುತ್ತದೆ. ಶಿಶುನಾಳದ ಶರೀಫಸಾಹೇಬರೂ ಇಂಥದೇ ಹರಕೆಯ ಕೂಸು. ಕುಲ ಬೇರೆ, ಮತ ಬೇರೆ, ಕಾಲ ಬೇರೆ. ಆದರೆ ಮೂವರ ಚರಿತ್ರೆಯ ಮೊದಲ ಪುಟದಲ್ಲಿಯೂ ಬರಿದಾದ ತೊಟ್ಟಿಲೊಂದು ತೂಗುತ್ತಿರುವದು.

ಜನರ ನೆನಪು ಈ ಕಥೆಗಳನ್ನು ಇಷ್ಟು ಆಸ್ಥೆಯಿಂದ ಉಳಿಸಿಕೊಂಡಿರುವದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಆ ದುಃಖವು ನಮ್ಮ ಓಣಿಗಳಲ್ಲಿ ಇಂದಿಗೂ ಇದೆ. ಮದುವೆಯಾಗಿ ಮೂರು ವರ್ಷವಾಯಿತೆಂದರೆ ಸೊಸೆಯನ್ನು ಕುಬಸದ ಮನೆಗೆ ಕರೆಯಲು ಹಿಂಜರಿಯುವವರು, ಅವಳ ಬೆನ್ನ ಹಿಂದೆ ಬಂಜೆಯೆಂಬ ಮಾತನ್ನಾಡುವವರು, ಮಗನಿಗೆ ಎರಡನೆಯ ಸಂಬಂಧದ ವಿಚಾರವೆತ್ತುವವರು ಇಲ್ಲವೆಂದು ಎದೆಯ ಮೇಲೆ ಕೈಯಿಟ್ಟು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಜನ? ಶರೀಫಸಾಹೇಬರ ಬಾಳನ್ನು ಆದಿಯಿಂದ ಅಂತ್ಯದ ವರೆಗೆ ನೋಡಿದವರಿಗೆ ಈ ವಿಷಯದಲ್ಲಿ ಮೂರು ಪಾಠಗಳು ಸಿಕ್ಕುತ್ತವೆ. ಅವನ್ನು ವಾಚಕರ ಮುಂದೆ ಇಡುವದೇ ಇಂದಿನ ನಮ್ಮ ಉದ್ದೇಶ.

ಪೇಶವೆಯರ ರಾಜ್ಯವು ೧೮೧೮ರಲ್ಲಿ ಅಳಿದು ಧಾರವಾಡದ ಸೀಮೆಯು ಕಂಪನಿ ಸರಕಾರದ ಕೈಸೇರಿತು. ಅದರ ಮರುವರ್ಷ, ೧೮೧೯ರಲ್ಲಿ, ಶಿಗ್ಗಾಂವಿ ತಾಲೂಕಿನ ಶಿಶುನಾಳವೆಂಬ ಸಣ್ಣ ಹಳ್ಳಿಯಲ್ಲಿ ಶರೀಫಸಾಹೇಬರು ಜನಿಸಿದರು. ತಂದೆ ಇಮಾಮಸಾಹೇಬರು, ತಾಯಿ ಹಜ್ಜುಮಾ. ಮದುವೆಯಾಗಿ ಬಹುಕಾಲ ಸಂದರೂ ದಂಪತಿಗಳಿಗೆ ಮಕ್ಕಳಾಗಿರಲಿಲ್ಲ. ಇಮಾಮಸಾಹೇಬರು ಹುಲಗೂರಿನ ಸಂತ ಹಜರೇಶ ಖಾದರಿಯವರಲ್ಲಿ ಭಕ್ತಿಯುಳ್ಳವರು. ಹಿಂದೂ ಮುಸಲ್ಮಾನರೆಂಬ ಭೇದವೆಣಿಸದೆ ಬಂದವರಿಗೆಲ್ಲ ಉಪದೇಶ ಮಾಡಿದ ಆ ಸತ್ಪುರುಷರ ಸನ್ನಿಧಿಯಲ್ಲಿ ದಂಪತಿಗಳು ತಮ್ಮ ದುಃಖವನ್ನು ತೋಡಿಕೊಂಡರೆಂದೂ, ಅವರ ಆಶೀರ್ವಾದದಿಂದ ಗಂಡುಮಗುವಾಯಿತೆಂದೂ ಈ ಭಾಗದ ಜನ ನಂಬಿಕೊಂಡು ಬಂದಿದ್ದಾರೆ. ಕೂಸಿಗೆ ಮಹಮ್ಮದ ಶರೀಫನೆಂದು ಹೆಸರಿಟ್ಟರು.

ಈ ನಂಬಿಕೆಯನ್ನು ಅಲ್ಲಗಳೆಯುವ ಕೆಲಸವನ್ನು ನಾವು ಕೈಕೊಳ್ಳುವದಿಲ್ಲ. ಹಜ್ಜುಮಾ ತಾಯಿಯ ಕಾಲದಲ್ಲಿ ನೊಂದವರು ಮೊರೆಹೋಗಬಹುದಾದ ಸ್ಥಳ ಅದೊಂದೇ ಇತ್ತು. ಅಲ್ಲಿ ಅವರಿಗೆ ಧೈರ್ಯ ದೊರೆಯಿತು. ಅದು ಸಣ್ಣ ಮಾತಲ್ಲ. ಅಷ್ಟು ವರ್ಷ ಕೂಸಾಗದಿದ್ದುದಕ್ಕೆ ದೇಹದಲ್ಲಿದ್ದ ಕಾರಣವೇನು, ಅದು ಹೆಂಡತಿಯದೋ ಗಂಡನದೋ, ಎಂಬುದನ್ನು ಈಗ ಯಾರೂ ಹೇಳಲಾರರು. ಆದರೆ ಕಥೆಯು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಮಕ್ಕಳಿಲ್ಲದ ದುಃಖವು ದಂಪತಿಗಳಿಬ್ಬರ ದುಃಖವಾಗಿತ್ತು, ಬೇಡಿದವರೂ ಇಬ್ಬರು. ಇದು ಮೊದಲನೆಯ ಪಾಠ.

ಇಂದಿನ ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ಜಗತ್ತಿನಲ್ಲಿ ಆರು ಜನರಿಗೊಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಸಂತಾನದ ತೊಡಕನ್ನು ಕಾಣುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಲೆಕ್ಕ ಕೊಟ್ಟಿತು. ಕಾರಣವು ಹೆಂಗಸಿನಲ್ಲಿರಬಹುದು, ಗಂಡಸಿನಲ್ಲಿರಬಹುದು, ಇಬ್ಬರಲ್ಲಿಯೂ ಇರಬಹುದು. ಆದಕಾರಣ ಹೆಂಡತಿಯ ಹೆಸರಿನಲ್ಲಿ ಹತ್ತು ಚೀಟಿ ಬರೆಯಿಸುವ ಮೊದಲು ಗಂಡನ ವೀರ್ಯ ಪರೀಕ್ಷೆಯೊಂದು ಆಗಬೇಕು. ಅದು ಅಲ್ಪ ಖರ್ಚಿನ, ನೋವಿಲ್ಲದ ಪರೀಕ್ಷೆ. ಅದಕ್ಕೆ ನಾಚಿ ಹಿಂಜರಿಯುವ ಗಂಡಸು ತನ್ನ ಹೆಂಡತಿಯ ಪ್ರಾಯದ ವರ್ಷಗಳನ್ನು ವ್ಯರ್ಥವಾಗಿ ಕಳೆಯುತ್ತಾನೆ.

ಹೆಂಗಸರಲ್ಲಿ ಕಂಡುಬರುವ ಕಾರಣಗಳಲ್ಲಿ ಬಹು ಸಾಮಾನ್ಯವಾದದ್ದು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂಬುದು. ಜನರು ಇದನ್ನು ಪಿ.ಸಿ.ಓ.ಎಸ್. ಎನ್ನುತ್ತಾರೆ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ೧೦ ರಿಂದ ೧೩ ಜನರಿಗೆ ಇದು ಇರುವದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆರೋಗ್ಯವಂತಳ ಅಂಡಾಶಯದಲ್ಲಿ ತಿಂಗಳಿಗೊಂದು ಅಂಡವು ಬಲಿತು ಹೊರಬರುತ್ತದೆ. ಈ ವಿಕಾರವುಳ್ಳವರಲ್ಲಿ ಹಲವು ಅಂಡಕೋಶಗಳು ಒಮ್ಮೆಲೇ ಬೆಳೆಯಲು ತೊಡಗಿ, ಯಾವುದೂ ಪೂರ್ತಿ ಬಲಿಯದೆ ನಡುವೆಯೇ ನಿಂತುಬಿಡುತ್ತವೆ. ಸ್ಕ್ಯಾನ್ ಚಿತ್ರದಲ್ಲಿ ಮುತ್ತಿನ ಸರದಂತೆ ಕಾಣುವ ಸಣ್ಣ ಗುಳ್ಳೆಗಳು ಇವೇ. ಇವು ಗಡ್ಡೆಗಳಲ್ಲ, ಕತ್ತರಿಸಿ ತೆಗೆಯಬೇಕಾದವುಗಳೂ ಅಲ್ಲ. ಇದರ ಮೂಲದಲ್ಲಿ ಇನ್ಸುಲಿನ್ನಿನ ಏರುಪೇರೂ, ಗಂಡಸರಲ್ಲಿ ಹೆಚ್ಚಾಗಿರುವ ಹಾರ್ಮೋನುಗಳು ಹೆಂಗಸಿನ ದೇಹದಲ್ಲಿ ಮಿತಿಮೀರುವದೂ ಸೇರಿಕೊಂಡಿರುತ್ತವೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುವದು, ಗಲ್ಲ ಮೀಸೆಗಳ ಸ್ಥಾನದಲ್ಲಿ ಕೂದಲು ಮೂಡುವದು, ಮೊಡವೆ, ಕೊರಳಿನ ಹಿಂದೆ ಕಪ್ಪಾಗುವದು, ಮೈತೂಕ ಏರುವದು, ಇವು ಇದರ ಚಿಹ್ನೆಗಳು. ಸಪೂರ ಮೈಯವರಿಗೂ ಇದು ಬರಬಹುದು. ಇದು ಪಾಪದ ಫಲವಲ್ಲ, ನಾಗದೋಷವಲ್ಲ, ನಡತೆಯ ಕುಂದಂತೂ ಮೊದಲೇ ಅಲ್ಲ.

ಶಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ೧೯೩೫ರಲ್ಲಿ ಇಂಥ ಏಳು ಜನ ಹೆಂಗಸರ ವಿವರವನ್ನು ಪ್ರಕಟಿಸಿದರು. ಅಂದು ಅಂಡಾಶಯದ ಒಂದು ಭಾಗವನ್ನು ಕೊಯ್ದು ತೆಗೆಯುವದೇ ಚಿಕಿತ್ಸೆಯಾಗಿತ್ತು. ೧೯೬೦ರ ದಶಕದಲ್ಲಿ ಕ್ಲೋಮಿಫೀನ್ ಎಂಬ ಗುಳಿಗೆ ಬಂದ ಮೇಲೆ ಕತ್ತಿಯ ಕೆಲಸ ಹಿಂದೆ ಸರಿಯಿತು. ಈಗ ಅದಕ್ಕಿಂತಲೂ ಲೆಟ್ರೋಜೋಲ್ ಎಂಬ ಗುಳಿಗೆಯು ಮೇಲೆಂದು ಸಿದ್ಧವಾಗಿದೆ. ಅಮೇರಿಕೆಯಲ್ಲಿ ೭೫೦ ಹೆಂಗಸರ ಮೇಲೆ ನಡೆದು ೨೦೧೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ ನೂರಕ್ಕೆ ೧೯ ಜನ, ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ ನೂರಕ್ಕೆ ೨೭ಕ್ಕೂ ಮಿಕ್ಕಿ ಜನ, ಜೀವಂತ ಕೂಸನ್ನು ಹೆತ್ತರು. ನಮ್ಮ ದೇಶದ ಸರಕಾರವು ೨೦೧೧ರಲ್ಲಿ ಸಂತಾನಚಿಕಿತ್ಸೆಗೆ ಈ ಔಷಧವನ್ನು ನಿಷೇಧಿಸಿತ್ತು. ೨೦೧೭ರಲ್ಲಿ ಆ ನಿಷೇಧವನ್ನು ಹಿಂತೆಗೆದುಕೊಂಡಿತು. ಮುಟ್ಟಿನ ಆರಂಭದಲ್ಲಿ ಐದು ದಿನ ನುಂಗುವ ಈ ಗುಳಿಗೆಯೇ ಇಂದು ಮೊದಲನೆಯ ಮದ್ದು.

ಚಿಕಿತ್ಸೆಯ ಮೆಟ್ಟಿಲುಗಳನ್ನು ವಾಚಕರು ತಿಳಿದಿರಬೇಕು, ತಿಳಿಯದವರೇ ಮೋಸಹೋಗುವವರು. ಮುಟ್ಟು ಕ್ರಮವಾಗಿರುವವರು ಒಂದು ವರ್ಷ ಕಾದುನೋಡಬಹುದು. ಮೂವತ್ತೈದು ದಾಟಿದವರು ಆರು ತಿಂಗಳಿಗಿಂತ ಹೆಚ್ಚು ಕಾಯಬಾರದು. ಮುಟ್ಟು ಏರುಪೇರಾಗಿರುವವರು ಕಾಯದೆಯೇ ವೈದ್ಯರನ್ನು ಕಾಣಬೇಕು. ವೈದ್ಯರು ಥೈರಾಯ್ಡ್ ಮುಂತಾದ ಬೇರೆ ಕಾರಣಗಳನ್ನು ಪರೀಕ್ಷಿಸಿ ನೋಡುತ್ತಾರೆ. ತೂಕ ಹೆಚ್ಚಿದವರು ನೂರಕ್ಕೆ ೫ ರಿಂದ ೧೦ರಷ್ಟು ಇಳಿಸಿದರೂ ಹಲವರಲ್ಲಿ ಮುಟ್ಟು ತಾನಾಗಿಯೇ ಕ್ರಮಕ್ಕೆ ಬರುವದುಂಟು. ಅನಂತರ ಗುಳಿಗೆ, ಕೆಲವರಿಗೆ ಅದರೊಡನೆ ಸಕ್ಕರೆರೋಗದ ಮೆಟ್ಫಾರ್ಮಿನ್. ಗುಳಿಗೆಯಿಂದ ಸಾಗದಿದ್ದರೆ ಹಾರ್ಮೋನಿನ ಸೂಜಿಮದ್ದು, ಅಥವಾ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ದುರ್ಬೀನಿನ ಮೂಲಕ ಮಾಡುವ ಶಸ್ತ್ರಕ್ರಿಯೆ. ಪ್ರಣಾಳ ಶಿಶುವಿನ ಚಿಕಿತ್ಸೆಯು ಕಡೆಯ ಮೆಟ್ಟಿಲು, ಮೊದಲನೆಯದಲ್ಲ. ಸೂಜಿಮದ್ದು ಮಿತಿ ತಪ್ಪಿದರೆ ಅಂಡಾಶಯಗಳು ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬಿ ಪ್ರಾಣಕ್ಕೆ ಸಂಚಕಾರ ಬರುವ ಭಯವು ಈ ವಿಕಾರವುಳ್ಳವರಿಗೇ ಹೆಚ್ಚು. ಆದ್ದರಿಂದ ಸ್ಕ್ಯಾನ್ ನೋಡುತ್ತ ಎಚ್ಚರದಿಂದ ಕೊಡುವ ತಜ್ಞರ ಕೈಯಲ್ಲಿಯೇ ಅದು ನಡೆಯಬೇಕು. ಹೊಲವನ್ನು ಅಡವಿಟ್ಟು ದೂರದ ಪಟ್ಟಣಕ್ಕೆ ಹೋಗುವ ಮೊದಲು ತಾಲೂಕಿನ ಸರಕಾರಿ ಆಸ್ಪತ್ರೆಯಲ್ಲಿ, ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ, ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ ನೋಡುವದು ಲೇಸು. ಪ್ರಣಾಳ ಶಿಶುವಿನ ಚಿಕಿತ್ಸಾಲಯಗಳು ನೋಂದಣಿಯಾಗಿರಲೇಬೇಕೆಂದು ೨೦೨೧ರ ಕಾಯದೆಯು ವಿಧಿಸಿದೆ; ಆ ಪತ್ರವನ್ನು ಕೇಳಿ ನೋಡುವ ಹಕ್ಕು ರೋಗಿಗಿದೆ.

ಈ ವಿದ್ಯೆಯು ಪರದೇಶದವರ ಸೊತ್ತೆಂದು ತಿಳಿಯುವವರಿಗೆ ಒಂದು ಮಾತು. ಕಲಕತ್ತೆಯ ಡಾಕ್ಟರ ಸುಭಾಷ ಮುಖೋಪಾಧ್ಯಾಯರು ತಾಯಿಯ ದೇಹದ ಹೊರಗೆ ಬೆಳೆಸಿದ ಭ್ರೂಣವನ್ನು ಶೈತ್ಯದಲ್ಲಿ ಕಾಯ್ದಿರಿಸಿ, ಅನಂತರ ಗರ್ಭದಲ್ಲಿಟ್ಟರು. ಆ ಕೂಸು ಹುಟ್ಟಿದ್ದು ೧೯೭೮ರ ಅಕ್ಟೋಬರ ೩ರಂದು; ಇಂಗ್ಲಂಡಿನ ಮೊದಲ ಪ್ರಣಾಳ ಶಿಶು ಹುಟ್ಟಿ ಮೂರು ತಿಂಗಳೂ ಆಗಿರಲಿಲ್ಲ. ನಮ್ಮವರೇ ಅವರನ್ನು ನಂಬಲಿಲ್ಲ. ಸರಕಾರ ನೇಮಿಸಿದ ಸಮಿತಿಯು ಅವರ ಮಾತನ್ನು ತಳ್ಳಿಹಾಕಿತು. ಆ ಅವಮಾನದಿಂದ ನೊಂದ ಅವರು ೧೯೮೧ರಲ್ಲಿ ಪ್ರಾಣತ್ಯಾಗ ಮಾಡಿಕೊಂಡರು. ಅವರ ಬರಹಗಳನ್ನು ಪರಿಶೀಲಿಸಿ, ಮೊದಲಿಗತನವು ಅವರದೇ ಎಂದು ೧೯೯೭ರಲ್ಲಿ ಸಾರಿದ ವಿಜ್ಞಾನಿ ಟಿ. ಸಿ. ಆನಂದಕುಮಾರರ ಸತ್ಯನಿಷ್ಠೆಯನ್ನು ಮೆಚ್ಚಬೇಕು, ಏಕೆಂದರೆ ದೇಶದ ಮೊದಲ ಪ್ರಣಾಳ ಶಿಶುವಿನ ಕೀರ್ತಿಯು ಅದುವರೆಗೆ ಅವರಿಗೇ ಸಂದಿತ್ತು. ಭ್ರೂಣವನ್ನು ಶೈತ್ಯದಲ್ಲಿರಿಸಿ, ತಾಯಿಯ ಮೈ ಸ್ಥಿಮಿತಕ್ಕೆ ಬಂದ ಮೇಲೆ ಗರ್ಭದಲ್ಲಿಡುವ ಕ್ರಮವೇ ಪಿ.ಸಿ.ಓ.ಎಸ್. ಉಳ್ಳವರಿಗೆ ಹೆಚ್ಚು ಕ್ಷೇಮವೆಂದು ಇಂದಿನ ವೈದ್ಯರು ಕಂಡುಕೊಂಡಿದ್ದಾರೆ.

ಇನ್ನು ಶರೀಫಸಾಹೇಬರ ಚರಿತ್ರೆಗೆ ಮರಳೋಣ. ಹರಕೆಯ ಮಗನನ್ನು ಇಮಾಮಸಾಹೇಬರು ಮುದ್ದಿನಿಂದ ಬೆಳೆಸಿದರು. ಆದರೆ ಮುದ್ದು ವಿದ್ಯೆಗೆ ಅಡ್ಡಬರಲಿಲ್ಲ. ಬಾಲಕನು ಕುರಾಣದೊಡನೆ ರಾಮಾಯಣ ಮಹಾಭಾರತಗಳನ್ನೂ, ಶರಣರ ಪುರಾಣಗಳನ್ನೂ ಕೇಳುತ್ತ ಬೆಳೆದನು. ಕನ್ನಡದಲ್ಲಿ ಮುಲ್ಕಿ ಪರೀಕ್ಷೆಯ ವರೆಗೆ ಓದಿ, ಕೆಲಕಾಲ ಹಳ್ಳಿಯ ಶಾಲೆಗಳಲ್ಲಿ ಮಾಸ್ತರಿಕೆಯನ್ನು ಮಾಡಿದರು. ಸಂಬಳದ ಆ ಚಾಕರಿಯಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುಗಳು ದೊರೆತ ಮೇಲೆ ಅವರ ಬಾಳಿನ ದಾರಿಯೇ ಬದಲಾಯಿತು. ಮುಸಲ್ಮಾನ ಶಿಷ್ಯನನ್ನು ಮಗನಂತೆ ಕಂಡು ಮನೆಯಲ್ಲಿರಿಸಿಕೊಂಡ ಗುರುವನ್ನು ಅಗ್ರಹಾರದವರು ದೂಷಿಸಿದರು. ಬ್ರಾಹ್ಮಣನ ಬೆನ್ನುಹತ್ತಿದ ಶಿಷ್ಯನನ್ನು ಸ್ವಮತದವರು ಹಳಿದರು. ಇಬ್ಬರೂ ಹಿಂಜರಿಯಲಿಲ್ಲ. ಗುರುಗಳು ಶಿಷ್ಯನ ಕೊರಳಿಗೆ ಜನಿವಾರವನ್ನೇ ಹಾಕಿದರೆಂಬುದು ಈ ನಾಡಿನಲ್ಲಿ ಮನೆಮಾತು.

ಹೆತ್ತವರ ಇಚ್ಛೆಯಂತೆ ಶರೀಫಸಾಹೇಬರಿಗೆ ಕುಂದಗೋಳದ ಫಾತಿಮಾ ಎಂಬ ಕನ್ಯೆಯೊಡನೆ ವಿವಾಹವಾಯಿತು. ಮಕ್ಕಳಿಗಾಗಿ ವರ್ಷಗಟ್ಟಲೆ ಹಂಬಲಿಸಿದ್ದ ಮನೆಯಲ್ಲಿ ಸೊಸೆ ಬಸುರಾದಾಗ ಆದ ಹಿಗ್ಗನ್ನು ವಾಚಕರೇ ಊಹಿಸಬಲ್ಲರು. ಆದರೆ ಆ ಹಿಗ್ಗು ಉಳಿಯಲಿಲ್ಲ. ಹೆಣ್ಣು ಕೂಸನ್ನು ಹೆತ್ತ ಫಾತಿಮಾ, ಹೆರಿಗೆಯ ಬಳಿಕ ತೀರಿಕೊಂಡಳೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ತೊಟ್ಟಿಲು ತುಂಬಿತು, ಮನೆ ಬರಿದಾಯಿತು.

ಇದು ಎರಡನೆಯ ಪಾಠ. ಬಸುರಾಗುವದು ದಾರಿಯ ಅರ್ಧ ಮಾತ್ರ. ತಾಯಿ ಕೂಸು ಇಬ್ಬರೂ ಕ್ಷೇಮವಾಗಿ ಮನೆಗೆ ಬಂದಾಗಲೇ ದಾರಿ ಮುಗಿದಂತೆ. ಪಿ.ಸಿ.ಓ.ಎಸ್. ಉಳ್ಳ ಹೆಂಗಸಿಗೆ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಬಸುರಿನಲ್ಲಿ ಸಕ್ಕರೆರೋಗವೂ ರಕ್ತದೊತ್ತಡವೂ ಕಾಣಿಸಿಕೊಳ್ಳುವ ಭಯ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯ ಇಂಥವರಿಗೆ ಉಳಿದವರಿಗಿಂತ ಹೆಚ್ಚು. ಬಸುರಿಗೆ ಮುನ್ನವೇ ಫೋಲಿಕ್ ಆಮ್ಲದ ಗುಳಿಗೆ, ಬಸುರಿನಲ್ಲಿ ಸಕ್ಕರೆಯ ಪರೀಕ್ಷೆ, ಪ್ರತಿ ಭೇಟಿಯಲ್ಲಿ ರಕ್ತದೊತ್ತಡದ ನೋಟ, ಆಸ್ಪತ್ರೆಯಲ್ಲಿಯೇ ಹೆರಿಗೆ, ಇಷ್ಟು ತಪ್ಪಬಾರದು. ಕೂಸಿಗಾಗಿ ಸಾವಿರಾರು ರೂಪಾಯಿ ಸುರಿದ ಮನೆಯವರು, ಬಸುರು ನಿಂತೊಡನೆ ದೇವರ ಮೇಲೆ ಭಾರ ಹಾಕಿ ತಿಂಗಳ ಪರೀಕ್ಷೆಗೆ ಆಲಸ್ಯ ಮಾಡುವದು ಸರಿಯಲ್ಲ. ಹೆರಿಗೆಯಾದ ಮೇಲೂ ಈ ವಿಕಾರವು ಮಾಯವಾಗುವದಿಲ್ಲ. ಮುಂದೆ ಸಕ್ಕರೆರೋಗ ಬಾರದಂತೆ ಆಕೆಯು ತನ್ನ ಮೈಯ ಕಡೆಗೆ ಲಕ್ಷ್ಯವಿಡಬೇಕು. ಅದಕ್ಕೆ ಮನೆಯವರು ಅನುವು ಮಾಡಿಕೊಡಬೇಕು.

ಫಾತಿಮಾಳನ್ನು ಕಳೆದುಕೊಂಡ ಶರೀಫಸಾಹೇಬರು ಮತ್ತೆ ಮದುವೆಯಾಗಲಿಲ್ಲ. ವಂಶ ಬೆಳೆಯಬೇಕೆಂಬ ಹಟ ಅವರಿಗಿರಲಿಲ್ಲ. ಗುರುವಿನ ಬೆನ್ನು ಹಿಡಿದು ಊರೂರು ಸುತ್ತಿದರು. ನವಲಗುಂದದ ನಾಗಲಿಂಗ ಯೋಗಿಗಳು, ಗರಗದ ಮಡಿವಾಳಪ್ಪನವರು ಮೊದಲಾದ ಸಮಕಾಲೀನ ಅನುಭಾವಿಗಳ ಒಡನಾಟ ಮಾಡಿದರು. ಕಂಡದ್ದರ ಮೇಲೆಲ್ಲ ಪದ ಕಟ್ಟಿದರು. ಸೋರುವ ಮನೆ, ಸಂತೆ, ಗಿರಣಿ, ಬಿತ್ತುವ ಹೊಲ, ಅಲಾವಿ ಹಬ್ಬ, ಯಾವುದೂ ಅವರ ಕಣ್ಣಿಗೆ ಸಣ್ಣದಾಗಿ ಕಾಣಲಿಲ್ಲ. ಬಡತನ ಅವರನ್ನು ಬಿಡಲಿಲ್ಲ. ಅವರು ಯಾರ ಮುಂದೆಯೂ ಕೈಯೊಡ್ಡಿ ಕುಗ್ಗಲಿಲ್ಲ.

೧೮೮೯ರಲ್ಲಿ ಅವರು ದೇಹ ಬಿಟ್ಟರು. ಆಗ ಹಿಂದೂಗಳೂ ಮುಸಲ್ಮಾನರೂ ಕೂಡಿ ತಮ್ಮ ತಮ್ಮ ವಿಧಿಯಂತೆ ಅಂತ್ಯಸಂಸ್ಕಾರವನ್ನು ನಡೆಯಿಸಿದರು. ಶಿಶುನಾಳದಲ್ಲಿ ಬಯಲಿನಲ್ಲಿಯೇ ಇರುವ ಅವರ ಗದ್ದುಗೆಗೆ ಎರಡೂ ಮತದವರು ಇಂದಿಗೂ ಸರದಿಯಾಗಿ ಬಾಗಿ ನಮಿಸುತ್ತಾರೆ. ಆ ಪದಗಳು ಭಜನೆಯ ಗುಡಿಗಳಲ್ಲಿ ಬಾಯಿಂದ ಬಾಯಿಗೆ ಉಳಿದು ಬಂದವು, ಮುಂದೆ ಸಿ. ಅಶ್ವತ್ಥರ ಕಂಠದಿಂದ ನಾಡಿನ ಮೂಲೆಮೂಲೆಗೆ ಹರಡಿದವು. ೧೯೯೦ರಲ್ಲಿ ಟಿ. ಎಸ್. ನಾಗಾಭರಣರು ಅವರ ಬಾಳನ್ನು ಚಲಚ್ಚಿತ್ರವಾಗಿಯೂ ತೋರಿಸಿದರು.

ಮೂರನೆಯ ಪಾಠ ಇಲ್ಲಿದೆ. ಹರಕೆ ಹೊತ್ತು ಪಡೆದ ಮಗನು ವಂಶವನ್ನು ಬೆಳೆಸುವನೆಂದು ಹೆತ್ತವರು ಆಶಿಸಿರಬಹುದು. ಅವನು ಮಗನಿಗೆ ಹೆಸರಿಟ್ಟು ವಂಶ ಬೆಳೆಸಲಿಲ್ಲ. ಆದರೂ ಈ ಸೀಮೆಯಲ್ಲಿ ಅವರಷ್ಟು ಮಕ್ಕಳುಳ್ಳವರು ಇನ್ನಾರಿದ್ದಾರೆ? ಅವರ ಪದವನ್ನು ಹಾಡುವ ಪ್ರತಿಯೊಬ್ಬನೂ ಅವರ ಮಗನೇ. ಹೀಗಿರಲು ಹೆತ್ತರೆ ಮಾತ್ರ ಬಾಳು ಸಾರ್ಥಕವೆಂದೂ, ಹೆರದವಳು ಅಶುಭವೆಂದೂ ಹೇಳುವ ನಾಲಗೆಗೆ ಶಿಶುನಾಳದ ಗದ್ದುಗೆಯ ಮುಂದೆ ನಿಲ್ಲುವ ಅಧಿಕಾರವೆಲ್ಲಿಯದು? ಚಿಕಿತ್ಸೆ ಎಲ್ಲರಿಗೂ ಫಲಿಸುವದಿಲ್ಲ. ಇದನ್ನು ಮುಚ್ಚಿಡುವದು ಮೋಸ. ಫಲಿಸದವರು ಅನಾಥ ಕೂಸೊಂದನ್ನು ಕಾಯದೆಯ ಮೂಲಕ ದತ್ತಕ ತೆಗೆದುಕೊಳ್ಳಬಹುದು. ಮಕ್ಕಳಿಲ್ಲದೆಯೂ ಗಂಡಹೆಂಡಿರು ಮರ್ಯಾದೆಯಿಂದ ಬಾಳಬಹುದು. ಯಾವ ದಾರಿ ಹಿಡಿಯಬೇಕೆಂಬುದು ಅವರಿಬ್ಬರ ನಿರ್ಣಯ, ಓಣಿಯ ನಿರ್ಣಯವಲ್ಲ.

ನಮ್ಮ ವಾಚಕರಲ್ಲಿ ಅಧಿಕಾರಿಗಳಿದ್ದಾರೆ, ಶಿಕ್ಷಕರಿದ್ದಾರೆ, ವಕೀಲರಿದ್ದಾರೆ, ಊರಿನಲ್ಲಿ ನಾಲ್ಕು ಜನ ಕೇಳುವಂಥ ಮಾತಿನವರಿದ್ದಾರೆ. ಅವರಲ್ಲಿ ನಮ್ಮ ಬಿನ್ನಹವಿಷ್ಟೇ. ಮುಟ್ಟು ತಪ್ಪಿ ತಪ್ಪಿ ಆಗುವ ಮಗಳನ್ನು ಮದುವೆಯಾದ ಮೇಲೆ ಸರಿಹೋಗುವದೆಂದು ಸುಮ್ಮನೆ ಬಿಡಬೇಡಿರಿ. ತಾಯಂದಿರ ಕಡೆಯಿಂದ ವಿಚಾರಿಸಿ ವೈದ್ಯರಿಗೆ ತೋರಿಸಿರಿ. ಸೊಸೆಯನ್ನು ಆಸ್ಪತ್ರೆಗೆ ಕಳಿಸುವ ದಿನ ಮಗನನ್ನೂ ಜೊತೆಗೆ ಕಳಿಸಿರಿ. ಹರಕೆಯನ್ನು ಹೊರುವವರು ಹೊರಲಿ. ಅದರೊಡನೆ ವೈದ್ಯರ ಚೀಟಿಯೂ ಇರಲಿ. ಹುಲಗೂರಿನ ದರ್ಗಾಕ್ಕೆ ಇಬ್ಬರೂ ಕೂಡಿಯೇ ಮೊರೆಯಿಟ್ಟ ಇಮಾಮಸಾಹೇಬ ಹಜ್ಜುಮಾರ ನೆನಪನ್ನು, ಹೆರಿಗೆಯಲ್ಲಿ ಅಳಿದ ಫಾತಿಮಾಳ ನೆನಪನ್ನು ಈ ಸೀಮೆಯವರು ಗೌರವಿಸುವ ರೀತಿ ಇದಕ್ಕಿಂತ ಬೇರೆಯಿಲ್ಲ.